ತಂತಿಯ ಕೊನೆಯ ಅರ್ಧ ಅಂಗುಲ

1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರುಗಳ ದೂರವನ್ನು ತಂತಿಗಳ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಟ್ಟ, ಬಯಲು, ಹೊಳೆಗಳನ್ನು ದಾಟುವ ಅಂತಹ ದಾರಿಗಳನ್ನು ಅಂದಿನಿಂದ ಇಂದಿನವರೆಗೂ ನುರಿತ ಇಂಜಿನಿಯರುಗಳು ಕಾಯುತ್ತ ಬಂದಿದ್ದಾರೆ. ಆದರೆ ಆ ವಿದ್ಯುತ್ತು ನಮ್ಮ ಮನೆಯನ್ನು ಹೊಕ್ಕು, ಗೋಡೆಯೊಳಗಿನ ಕೊಳವೆಯಲ್ಲಿ ಹರಿದು, ಕೊನೆಗೆ ಒಂದು ಪ್ಲಗ್ಗಿನ ಹಿತ್ತಾಳೆಯ ತುಂಡನ್ನು ಸೇರುವ ಸ್ಥಳವನ್ನು ಕಾಯುವವರು ಯಾರು? ಅಲ್ಲಿ ಸಿಪ್ಪೆ ಸುಲಿದು ತಿರುಪಿನ ಕೆಳಗೆ ಸಿಕ್ಕಿಸಿದ ತಂತಿಯ ಉದ್ದವು ಅರ್ಧ ಅಂಗುಲವನ್ನು ಮೀರುವುದಿಲ್ಲ. ಅವಸರದಲ್ಲಿರುವ ಯಾವನೋ ಒಬ್ಬನ ಕೈಗೆ ಆ ಅರ್ಧ ಅಂಗುಲವನ್ನು ನಾವು ಒಪ್ಪಿಸಿಬಿಡುತ್ತೇವೆ. ಅನೇಕ ವೇಳೆ ಆ ಅವಸರದವನು ನಾವೇ ಆಗಿರುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದಾಗ ನಡೆದ ಸಂಗತಿಯಿದು. ಮಾರ್ಗಶಿರ ಮಾಸದ ಚಳಿ, ನಸುಕಿನ ಹೊತ್ತು. ವಿದ್ಯಾರ್ಥಿಯೊಬ್ಬನು ಬಕೆಟ್ಟಿನ ನೀರಿನಲ್ಲಿ 1500 ವಾಟಿನ ಕಾಯಿಸುವ ಸರಳನ್ನು ಇಳಿಬಿಟ್ಟು ಪುಸ್ತಕ ಹಿಡಿದು ಕುಳಿತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಮೀನು ಸುಟ್ಟಂತಹ ವಾಸನೆ ಬಂದಿತು. ಗೋಡೆಯ ಬಳಿ ಹೋಗಿ ನೋಡಿದರೆ ಪ್ಲಗ್ಗಿನ ಒಂದು ಪಕ್ಕವು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಸ್ವಿಚ್ಚನ್ನು ಆರಿಸಿ ಅದನ್ನು ಕಿತ್ತಾಗ ಅವನ ಎರಡು ಬೆರಳುಗಳಲ್ಲಿ ಬೊಬ್ಬೆಗಳೆದ್ದವು. ಸಾಕೆಟ್ಟಿನಿಂದ ಒಂದು ಗೇಣು ದೂರದಲ್ಲಿಯೇ ಅವನ ತೆಂಗಿನ ನಾರಿನ ಹಾಸಿಗೆಯನ್ನು ಸುತ್ತಿಟ್ಟಿದ್ದರು. ಅವನು ಆ ದಿನ ಪುಸ್ತಕದ ಮುಂದೆ ತೂಕಡಿಸಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಆ ಪ್ಲಗ್ಗನ್ನು ಬಿಚ್ಚಿ ನೋಡಿದೆವು. ಒಳಗೆ ಮೂರು ದೋಷಗಳು ಕಂಡವು. ಮೂವತ್ತು ಎಳೆಗಳ ತಂತಿಯಲ್ಲಿ ಹನ್ನೊಂದು ಎಳೆಗಳು ಹೊದಿಕೆಯನ್ನು ಸುಲಿಯುವಾಗಲೇ ಕತ್ತರಿಸಿ ಹೋಗಿದ್ದವು. ಉಳಿದವುಗಳನ್ನು ಹೊಸೆದು, ಅಂದವಾಗಿರಲೆಂದು ಬೆಸುಗೆಯನ್ನು ಹಚ್ಚಲಾಗಿತ್ತು. ತಿರುಪು ಎಷ್ಟು ಸಡಿಲವಾಗಿತ್ತೆಂದರೆ ಉಗುರಿನಿಂದ ಅದನ್ನು ತಿರುಗಿಸಬಹುದಾಗಿತ್ತು. ಇಷ್ಟಾದರೂ ಫ್ಯೂಸು ಕರಗಿರಲಿಲ್ಲ. ನೀರೂ ಎಂದಿನಂತೆ ಕಾದಿತ್ತು. ಹಾಗಾದರೆ ಫ್ಯೂಸೇಕೆ ಸುಮ್ಮನಿದ್ದಿತು?

ಕಾವಲುಗಾರನ ಕಣ್ಣಿಗೆ ಬೀಳದ ಕಳ್ಳ

ವಾಹಕದಲ್ಲಿ ಉತ್ಪತ್ತಿಯಾಗುವ ಉಷ್ಣವು ಪ್ರವಾಹದ ವರ್ಗವನ್ನೂ ವಾಹಕದ ರೋಧವನ್ನೂ ಅನುಸರಿಸುತ್ತದೆಂಬ ನಿಯಮವನ್ನು ಜೂಲ್ ಎಂಬ ಆಂಗ್ಲ ವಿಜ್ಞಾನಿಯು 1841ರಲ್ಲಿ ಪ್ರಕಟಿಸಿದನು. ಈ ನಿಯಮವನ್ನು ನಮ್ಮ ಪ್ಲಗ್ಗಿಗೆ ಅನ್ವಯಿಸಿ ನೋಡೋಣ. 230 ವೋಲ್ಟಿನಲ್ಲಿ 1500 ವಾಟಿನ ಸರಳು ಸುಮಾರು 6.5 ಆಂಪೇರ್ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಜೋಡಣೆಯು ಒಳ್ಳೆಯದಾಗಿದ್ದು ಅದರ ರೋಧವು ಓಮಿನ ಸಾವಿರದಲ್ಲೊಂದು ಪಾಲು ಇದ್ದರೆ, ಅಲ್ಲಿ ಹುಟ್ಟುವ ಶಾಖವು 0.04 ವಾಟು ಮಾತ್ರ. ಅದನ್ನು ಕೈಯಿಂದ ಮುಟ್ಟಿ ಗುರುತಿಸುವುದೂ ಅಸಾಧ್ಯ.

ಅದೇ ಜೋಡಣೆ ಕೆಟ್ಟು ರೋಧವು ಅರ್ಧ ಓಮಿಗೆ ಏರಿತೆನ್ನೋಣ. ಆಗ ಆ ಒಂದು ಬಿಂದುವಿನಲ್ಲಿ 20 ವಾಟಿಗಿಂತಲೂ ಹೆಚ್ಚು ಶಾಖವು ಹುಟ್ಟುತ್ತದೆ. ರೇಡಿಯೋ ರಿಪೇರಿ ಮಾಡುವವನು ಲೋಹವನ್ನು ಕರಗಿಸುವ ಸಣ್ಣ ಬೆಸುಗೆ ಕಡ್ಡಿಯ ಸಾಮರ್ಥ್ಯವು 25 ವಾಟು. ಅಂತಹ ಕಡ್ಡಿಯನ್ನು ಪ್ಲಗ್ಗಿನೊಳಗೆ ಮುಚ್ಚಿಟ್ಟು ಮರೆತಂತಾಯಿತು! ತಂತಿಯ ಪಿ.ವಿ.ಸಿ. ಹೊದಿಕೆಯು ಬಹುಕಾಲ ತಾಳಿಕೊಳ್ಳಬಲ್ಲ ಉಷ್ಣತೆಯಾದರೋ ಸಾಧಾರಣವಾಗಿ 70 ಡಿಗ್ರಿ ಸೆಂಟಿಗ್ರೇಡ್ ಮಾತ್ರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರಳಿನ ರೋಧವು ಸುಮಾರು 35 ಓಮು. ಅದಕ್ಕೆ ಸರಣಿಯಲ್ಲಿ ಅರ್ಧ ಓಮು ಸೇರಿದರೆ ಮಂಡಲದ ಒಟ್ಟು ಪ್ರವಾಹವು ಹೆಚ್ಚುವುದಿಲ್ಲ, ಸ್ವಲ್ಪ ಕಡಮೆಯಾಗುತ್ತದೆ. ಪ್ರವಾಹವು ಮಿತಿಮೀರಿದಾಗ ಕರಗುವುದಷ್ಟೇ ಫ್ಯೂಸಿನ ಕೆಲಸ. ಅದರ ಜಾಗದಲ್ಲಿ ಈಗ ಬಂದಿರುವ ಎಂ.ಸಿ.ಬಿ.ಗೂ ಇದೇ ಕೆಲಸ. ಭೂಮಿಗೆ ಸೋರುವ ಪ್ರವಾಹವನ್ನು ಗುರುತಿಸುವ ಉಪಕರಣವೂ ಇಲ್ಲಿ ಎಚ್ಚರಗೊಳ್ಳದು. ಏಕೆಂದರೆ ಇಲ್ಲಿ ಸೋರಿಕೆಯೇ ಇಲ್ಲ. ಮನೆಯ ಕಾವಲುಗಾರರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಆದುದರಿಂದ ಈ ಕಳ್ಳನನ್ನು ತಡೆಯುವ ಸ್ಥಳವು ಒಂದೇ: ತಂತಿಯ ತುದಿಯನ್ನು ಅಣಿಗೊಳಿಸುವವನ ಕೈ.

ಮುಟ್ಟಿದಂತೆ ಕಂಡರೂ ಮುಟ್ಟದ ಲೋಹಗಳು

ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಪೂರ್ತಿಯಾಗಿ ಮುಟ್ಟಿಕೊಂಡಿವೆಯೆಂದು ನಾವು ಭಾವಿಸುತ್ತೇವೆ. ಇದು ಭ್ರಮೆ. ಎಷ್ಟೇ ನುಣುಪಾದ ಲೋಹದ ಮೈಯಾದರೂ ಸೂಕ್ಷ್ಮದರ್ಶಕದಲ್ಲಿ ಗುಡ್ಡಗಾಡಿನಂತೆ ಕಾಣುತ್ತದೆ. ಗುಡ್ಡಗಾಡೊಂದನ್ನು ತಲೆಕೆಳಗಾಗಿಸಿ ಮತ್ತೊಂದರ ಮೇಲೆ ಇಟ್ಟರೆ ಹೇಗೋ ಹಾಗೆ, ಕೆಲವು ಶಿಖರಗಳು ಮಾತ್ರ ಪರಸ್ಪರ ತಾಗುತ್ತವೆ. ಪ್ರವಾಹವೆಲ್ಲವೂ ಆ ಕೆಲವು ಇಕ್ಕಟ್ಟಾದ ಕಣಿವೆಬಾಗಿಲುಗಳ ಮೂಲಕವೇ ನುಸುಳಬೇಕು. ಈ ಇಕ್ಕಟ್ಟಿನಿಂದಲೇ ಜೋಡಣೆಯ ರೋಧವು ಹುಟ್ಟುವುದು. ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನಾರ್ ಹೋಮ್ ಎಂಬಾತನು ಇದನ್ನು ಆಳವಾಗಿ ಶೋಧಿಸಿ, 1946ರಲ್ಲಿ ವಿದ್ಯುತ್ ಸಂಪರ್ಕಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದನು.

ನಿಜವಾಗಿ ತಾಗುವ ವಿಸ್ತೀರ್ಣವೆಷ್ಟು? ಒತ್ತುವ ಬಲವನ್ನು ಲೋಹದ ಕಾಠಿಣ್ಯದಿಂದ ಭಾಗಿಸಿದರೆ ಉತ್ತರವು ಸರಿಸುಮಾರಾಗಿ ದೊರೆಯುತ್ತದೆ. ತಿರುಪು ತಾಮ್ರದ ತಂತಿಯನ್ನು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ನಿಜವಾದ ಸಂಪರ್ಕವು ಒಂದು ಚದರ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಈ ಲೆಕ್ಕದಲ್ಲಿ ತಂತಿಯ ಮೇಲ್ಮೈ ಎಷ್ಟು ಅಗಲವೆಂಬ ಪ್ರಶ್ನೆಯೇ ಬರಲಿಲ್ಲವೆಂಬುದನ್ನು ಗಮನಿಸಿರಿ. ಬಲವು ಇಮ್ಮಡಿಯಾದರೆ ಸಂಪರ್ಕವು ಇಮ್ಮಡಿಯಾಗುತ್ತದೆ. ಘರ್ಷಣೆಯು ತಾಗುವ ಮೈಯ ಅಗಲವನ್ನು ಅವಲಂಬಿಸದೆ ಒತ್ತುವ ಬಲವನ್ನು ಮಾತ್ರ ಅವಲಂಬಿಸುವುದೆಂದು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರಷ್ಟೆ. ಎರಡು ವಿದ್ಯಮಾನಗಳಿಗೂ ಕಾರಣವು ಒಂದೇ.

ಇದರಿಂದ ಎರಡು ತತ್ತ್ವಗಳು ಸಿದ್ಧವಾಗುತ್ತವೆ. ಮೊದಲನೆಯದು, ಶಿಖರಗಳ ನಡುವೆ ಕಿಲುಬು, ಬಣ್ಣ, ಜಿಡ್ಡು ಇರಕೂಡದು. ಎರಡನೆಯದು, ಒತ್ತುವ ಬಲವು ಸಾಕಷ್ಟಿರಬೇಕು. ಅಷ್ಟೇ ಅಲ್ಲ, ವರ್ಷಗಟ್ಟಲೆ ಹಾಗೆಯೇ ಉಳಿಯಬೇಕು. ಬಲವು ಕುಗ್ಗಿದರೆ ಸಂಪರ್ಕವು ಕಿರಿದಾಗಿ ಶಾಖವು ಹುಟ್ಟುತ್ತದೆ; ಶಾಖದಿಂದ ತಾಮ್ರವು ಕಿಲುಬುಗಟ್ಟುತ್ತದೆ; ಕಿಲುಬಿನಿಂದ ರೋಧವು ಇನ್ನೂ ಏರುತ್ತದೆ; ಏರಿದ ರೋಧವು ಮತ್ತಷ್ಟು ಶಾಖವನ್ನು ಕೊಡುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಎಂಬಂತೆ ಕೆಡುಕು ತಾನಾಗಿ ಬೆಳೆಯುತ್ತದೆ. ತಂತಿಯ ತುದಿಯನ್ನು ಅಣಿಗೊಳಿಸುವ ನಿಯಮಗಳೆಲ್ಲವೂ ಈ ಎರಡು ತತ್ತ್ವಗಳ ಮಕ್ಕಳು.

ಒಂಟೆಳೆ ತಂತಿ ಮತ್ತು ಹುರಿತಂತಿ

ಮನೆಯಲ್ಲಿ ಬಳಸುವ ತಂತಿಗಳಲ್ಲಿ ಎರಡು ಜಾತಿ. ಇಡಿಯಾದ ಒಂದೇ ಸರಳಿನಂತಿರುವುದು ಒಂಟೆಳೆ ತಂತಿ. ಹಲವು ಎಳೆಗಳನ್ನು ಹಗ್ಗದಂತೆ ಹುರಿಮಾಡಿದ್ದು ಹುರಿತಂತಿ. ನಮ್ಮ ಹಳೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ‘ಒಂದು-ಹದಿನೆಂಟು’, ‘ಮೂರು-ಇಪ್ಪತ್ತು’, ‘ಏಳು-ಇಪ್ಪತ್ತು’ ಎಂಬ ಮಾತುಗಳನ್ನು ವಾಚಕರು ಕೇಳಿರಬಹುದು. ಮೊದಲನೆಯ ಅಂಕಿಯು ಎಳೆಗಳ ಸಂಖ್ಯೆ; ಎರಡನೆಯದು ಎಳೆಯ ದಪ್ಪವನ್ನು ಸೂಚಿಸುವ ಬ್ರಿಟಿಷ್ ಗೇಜು. 20ನೆಯ ಗೇಜೆಂದರೆ 0.914 ಮಿಲಿಮೀಟರು ವ್ಯಾಸ. ಈಗ 1.5, 2.5, 4 ಚದರ ಮಿಲಿಮೀಟರು ಎಂದು ಅಡ್ಡಕೊಯ್ತದ ವಿಸ್ತೀರ್ಣದಿಂದ ಹೆಸರಿಸುವ ರೂಢಿಯು ಬಂದಿದೆ.

ಏಳು ಎಂಬ ಅಂಕಿಯು ಎಲ್ಲಿಂದ ಬಂದಿತು? ಒಂದು ರೂಪಾಯಿಯ ಸಮನಾದ ನಾಣ್ಯಗಳನ್ನು ತೆಗೆದುಕೊಂಡು, ಒಂದನ್ನು ನಡುವೆ ಇಟ್ಟು ಸುತ್ತಲೂ ಜೋಡಿಸಿ ನೋಡಿರಿ. ಸರಿಯಾಗಿ ಆರು ನಾಣ್ಯಗಳು ಹಿಡಿಸುತ್ತವೆ. ಅದರ ಸುತ್ತ ಹನ್ನೆರಡು, ಅದರಾಚೆಗೆ ಹದಿನೆಂಟು. ಹೀಗೆ 7, 19, 37 ಎಳೆಗಳ ತಂತಿಗಳು ಸಹಜವಾಗಿಯೇ ದುಂಡಗಾಗುತ್ತವೆ.

ಹುರಿತಂತಿಯ ಗುಣವೆಂದರೆ ಬಾಗುವಿಕೆ. 1.5 ಚದರ ಮಿಲಿಮೀಟರಿನ ಒಂಟೆಳೆ ತಂತಿಯ ವ್ಯಾಸವು ಸುಮಾರು 1.4 ಮಿಲಿಮೀಟರು. ಅದನ್ನು 5 ಮಿಲಿಮೀಟರು ತ್ರಿಜ್ಯದ ಕಡ್ಡಿಯ ಸುತ್ತ ಬಾಗಿಸಿದರೆ ಹೊರಮೈಯು ನೂರಕ್ಕೆ ಹನ್ನೆರಡು ಪಾಲಿನಷ್ಟು ಹಿಗ್ಗಬೇಕಾಗುತ್ತದೆ. ಅಷ್ಟೇ ತಾಮ್ರವನ್ನು ಕಾಲು ಮಿಲಿಮೀಟರಿನ ಮೂವತ್ತು ಎಳೆಗಳಾಗಿ ಹಂಚಿದರೆ ಒಂದೊಂದು ಎಳೆಯೂ ಹಿಗ್ಗುವುದು ನೂರಕ್ಕೆ ಎರಡೂವರೆ ಪಾಲು ಮಾತ್ರ. ಆದುದರಿಂದಲೇ ದಿನವೂ ಮಡಿಸಿ ಬಿಚ್ಚುವ ಇಸ್ತ್ರಿಪೆಟ್ಟಿಗೆಗೆ ಹುರಿತಂತಿಯು ಬೇಕು. ಗೋಡೆಯೊಳಗೆ ಅಲುಗದೆ ಮಲಗುವ ಸ್ಥಳದಲ್ಲಿ ಒಂಟೆಳೆಯೂ ಸಲ್ಲುತ್ತದೆ.

ಆದರೆ ತಿರುಪಿನ ಕೆಳಗೆ ಬಂದಾಗ ಹುರಿತಂತಿಯ ಗುಣವೇ ದೋಷವಾಗುತ್ತದೆ. ದುಂಡಗಿನ ಏಳು ಎಳೆಗಳನ್ನು ಸುತ್ತುವ ವೃತ್ತದೊಳಗೆ ತಾಮ್ರವು ತುಂಬುವುದು ಒಂಬತ್ತರಲ್ಲಿ ಏಳು ಪಾಲು. ಉಳಿದ ಎರಡು ಪಾಲು ಬರಿಯ ತೆರಪು. ತಿರುಪು ಒತ್ತಿದಾಗ ಎಳೆಗಳು ಆ ತೆರಪುಗಳಿಗೆ ಜಾರುತ್ತವೆ. ಇಂದು ಬಿಗಿಯಾಗಿದ್ದುದು ಕೆಲವು ದಿನಗಳಲ್ಲಿ, ಎಳೆಗಳು ಹೊಸ ಜಾಗಗಳಲ್ಲಿ ನೆಲೆಗೊಂಡ ಮೇಲೆ, ಸಡಿಲವಾಗಬಹುದು. ಅಲ್ಲದೆ, ಗುಂಪನ್ನು ತಪ್ಪಿಸಿಕೊಂಡ ಒಂದೇ ಒಂದು ಎಳೆಯು ಪಕ್ಕದ ಟರ್ಮಿನಲ್ಲನ್ನು ಮುಟ್ಟಿದರೂ ಸಾಕು, ಅನರ್ಥವಾದೀತು.

ತುದಿಯನ್ನು ಅಣಿಗೊಳಿಸುವ ಕ್ರಮ

ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ವಿದ್ಯುತ್ತನ್ನು ಕಡಿದು, ಕಡಿದಿದೆಯೆಂದು ಪರೀಕ್ಷಿಸುವುದು. ಗೋಡೆಯ ಮಂಡಲವನ್ನು ವಿದ್ಯಾರ್ಥಿಗಳು ಮುಟ್ಟತಕ್ಕದ್ದಲ್ಲ; ಅದು ಪರವಾನಗಿ ಪಡೆದವರ ಕೆಲಸ. ಸಾಕೆಟ್ಟಿನಿಂದ ಕಳಚಿ ಮೇಜಿನ ಮೇಲಿಟ್ಟ ಪ್ಲಗ್ಗು ಮತ್ತು ಪ್ರಯೋಗಶಾಲೆಯ ಕೋಶಗಳು ಅಭ್ಯಾಸಕ್ಕೆ ಸಾಕು.

ಹೊದಿಕೆಯನ್ನು ಟರ್ಮಿನಲ್ಲಿನ ಆಳವೆಷ್ಟೋ ಅಷ್ಟು ಮಾತ್ರ ಸುಲಿಯಬೇಕು. ಹೆಚ್ಚಾದರೆ ಬೆತ್ತಲೆ ತಾಮ್ರವು ಹೊರಗೆ ಇಣುಕುತ್ತದೆ. ಕಡಮೆಯಾದರೆ ತಿರುಪು ತಾಮ್ರಕ್ಕೆ ಬದಲಾಗಿ ಹೊದಿಕೆಯನ್ನೇ ಒತ್ತಿ, ಬಿಗಿಯಾಯಿತೆಂಬ ಸುಳ್ಳು ಭರವಸೆಯನ್ನು ಕೊಡುತ್ತದೆ. ಹಲ್ಲಿನಿಂದಾಗಲಿ ಅಡಿಗೆಮನೆಯ ಚಾಕುವಿನಿಂದಾಗಲಿ ಸುಲಿಯಬಾರದು. ತಂತಿಯ ಅಳತೆಗೆ ಹೊಂದುವ ತೂತುಳ್ಳ ಸುಲಿಯುವ ಇಕ್ಕಳವು ಬಹಳ ಅಗ್ಗವಾಗಿ ದೊರೆಯುತ್ತದೆ. ಚಾಕುವನ್ನು ಸುತ್ತಲೂ ಒತ್ತಿ ತಿರುಗಿಸಿದರೆ ಒಂಟೆಳೆ ತಂತಿಯ ಮೈಮೇಲೆ ಉಂಗುರದಂತಹ ಗಾಯವಾಗುತ್ತದೆ. ಗಾಜನ್ನು ಕತ್ತರಿಸುವವನು ಮೊದಲು ಗೀರಿ ಆಮೇಲೆ ಮುರಿಯುವುದಿಲ್ಲವೆ? ಹಾಗೆಯೇ ಗೀರಿದ ತಂತಿಯನ್ನು ಬಾಗಿಸಿದಾಗ ಎಳೆತವೆಲ್ಲವೂ ಆ ಗೀರಿನಲ್ಲಿ ಸಾಂದ್ರವಾಗಿ, ಅದು ಅಲ್ಲಿಯೇ ಮುರಿಯುತ್ತದೆ. ಹುರಿತಂತಿಯಲ್ಲಾದರೋ ಎಳೆಗಳೇ ಉದುರುತ್ತವೆ. ಒಂದೆರಡು ಎಳೆಗಳು ಕತ್ತರಿಸಿದರೂ ಆ ತುದಿಯನ್ನು ಕಡಿದೆಸೆದು ಹೊಸದಾಗಿ ಸುಲಿಯುವುದೇ ಮೇಲು.

ಒಂಟೆಳೆ ತಂತಿಯನ್ನು ತಿರುಪಿನ ತಲೆಯ ಕೆಳಗೆ ಕೂಡಿಸುವಾಗ ಅದನ್ನು ಕೊಕ್ಕೆಯಂತೆ ಬಾಗಿಸಿ, ತಿರುಪಿನ ಮುಕ್ಕಾಲು ಸುತ್ತನ್ನು ಅದು ಬಳಸುವಂತೆ ಇಡಬೇಕು. ಕೊಕ್ಕೆಯು ಬಲಸುತ್ತಾಗಿರಬೇಕು, ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿರಬೇಕು. ತಿರುಪು ಬಿಗಿಯಾಗುವುದೂ ಅದೇ ದಿಕ್ಕಿನಲ್ಲಿ. ಆಗ ಘರ್ಷಣೆಯು ಕೊಕ್ಕೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಡಸುತ್ತಾಗಿದ್ದರೆ ಬಿಗಿ ಮಾಡಿದಷ್ಟೂ ಅದು ಬಿಚ್ಚಿಕೊಂಡು ಹೊರಕ್ಕೆ ಬರುತ್ತದೆ. ಟರ್ಮಿನಲ್ಲು ತೂತಿನ ಬಗೆಯದಾಗಿದ್ದು ತಂತಿಯು ತೆಳ್ಳಗಿದ್ದರೆ, ಸುಲಿದ ತುದಿಯನ್ನು ಇಮ್ಮಡಿಯಾಗಿ ಮಡಿಸಿ ತೂರಿಸಬೇಕು. ತಿರುಪಿಗೆ ಒತ್ತಲು ಆಗ ಸಾಕಷ್ಟು ಲೋಹವು ಸಿಗುತ್ತದೆ.

ಹುರಿತಂತಿಯ ಎಳೆಗಳನ್ನು ಮೊದಲಿದ್ದ ಹುರಿಯ ದಿಕ್ಕಿನಲ್ಲಿಯೇ ಮೆಲ್ಲಗೆ ಹೊಸೆಯಬೇಕು. ಅದಕ್ಕೆ ಶ್ರೇಷ್ಠವಾದ ತುದಿಯೆಂದರೆ ‘ಫೆರೂಲ್’ ಎಂಬ ತೆಳು ತಾಮ್ರದ ಟೋಪಿ. ತವರದ ಲೇಪವುಳ್ಳ ಈ ಪುಟ್ಟ ಕೊಳವೆಯೊಳಗೆ ಎಳೆಗಳೆಲ್ಲವನ್ನೂ ತೂರಿಸಿ, ಅದಕ್ಕೆಂದೇ ಮಾಡಿದ ಇಕ್ಕಳದಿಂದ ಅದುಮಿದರೆ, ಕೊಳವೆಯೂ ಎಳೆಗಳೂ ಒಂದೇ ಮುದ್ದೆಯಂತಾಗುತ್ತವೆ. ತೆರಪುಗಳು ಮುಚ್ಚಿ, ದುಂಡಗಿದ್ದ ಎಳೆಗಳು ಮೂಲೆಮೂಲೆಯಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಗಾಳಿಯೂ ಒಳಗೆ ಸುಳಿಯಲಾರದು. ಗಾಳಿಯಿಲ್ಲದೆಡೆ ಕಿಲುಬೂ ಇಲ್ಲ. ಅಳತೆ ತಪ್ಪಿದ ಟೋಪಿಯಾಗಲಿ, ಸಾಧಾರಣ ಇಕ್ಕಳದಿಂದ ಚಪ್ಪಟೆ ಮಾಡುವುದಾಗಲಿ ಈ ಫಲವನ್ನು ಕೊಡದು. ತಂತಿಯನ್ನು ನೇರವಾಗಿ ತಳ್ಳಿ ಸಿಕ್ಕಿಸುವ ಸ್ಪ್ರಿಂಗ್ ಟರ್ಮಿನಲ್ಲುಗಳಲ್ಲಿ ಒಂಟೆಳೆಯು ಹಾಗೆಯೇ ಹೋಗುತ್ತದೆ. ನವಿರಾದ ಹುರಿತಂತಿಗೆ ಮಾತ್ರ ಈ ಟೋಪಿಯು ಬೇಕು.

ಕೊನೆಯದಾಗಿ, ತಿರುಪನ್ನು ಬಿಗಿಮಾಡಿ ತಂತಿಯನ್ನು ಒಮ್ಮೆ ಗಟ್ಟಿಯಾಗಿ ಎಳೆದು ನೋಡಬೇಕು. ಪ್ಲಗ್ಗಿನೊಳಗೆ ಭೂಸಂಪರ್ಕದ ಹಸಿರು ತಂತಿಯನ್ನು ಮಿಕ್ಕೆರಡಕ್ಕಿಂತ ತುಸು ಉದ್ದವಾಗಿ ಬಿಡಬೇಕು. ಯಾರಾದರೂ ಎಡವಿ ತಂತಿಯು ಕಿತ್ತುಬಂದರೆ, ಪ್ರಾಣರಕ್ಷಕವಾದ ಅದು ಎಲ್ಲಕ್ಕಿಂತ ಕೊನೆಯಲ್ಲಿ ಕಿತ್ತುಬರಲಿ.

ಬೆಸುಗೆಯ ಮೋಹ

ಎಳೆಗಳನ್ನು ಒಟ್ಟುಗೂಡಿಸಲು ಬೆಸುಗೆಯೇ ಒಳ್ಳೆಯದಲ್ಲವೆ ಎಂದು ಅನೇಕರು ಕೇಳುತ್ತಾರೆ. ತಿರುಪಿನ ಕೆಳಗೆ ಅದು ಸಲ್ಲದು. ಲೋಹಗಳು ಘನವಾಗಿದ್ದರೂ ಒತ್ತಡದ ಕೆಳಗೆ ಬಹು ನಿಧಾನವಾಗಿ ಹರಿಯುತ್ತವೆ. ಮೇಣದ ಬತ್ತಿಯನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡವಾಗಿಟ್ಟರೆ ಬೇಸಗೆಯಲ್ಲಿ ಕರಗದೆಯೇ ಬಾಗುವಂತೆ ಇದೂ ಒಂದು ಹರಿವು. ಲೋಹದ ಉಷ್ಣತೆಯು ಅದರ ಕರಗುಬಿಂದುವಿಗೆ ಎಷ್ಟು ಸಮೀಪವೋ ಹರಿವು ಅಷ್ಟು ತೀವ್ರ. ಈ ಹೋಲಿಕೆಯನ್ನು ನಿರಪೇಕ್ಷ ಉಷ್ಣತೆಯಲ್ಲಿ ಮಾಡಬೇಕು. ಕೋಣೆಯ ಉಷ್ಣತೆಯು 300 ಕೆಲ್ವಿನ್. ತಾಮ್ರದ ಕರಗುಬಿಂದುವು 1358. ಅಂದರೆ ಕೋಣೆಯಲ್ಲಿರುವ ತಾಮ್ರವು ಕರಗುವ ದಾರಿಯ ನೂರಕ್ಕೆ 22 ಪಾಲನ್ನು ಮಾತ್ರ ಕ್ರಮಿಸಿದೆ. ತವರ-ಸೀಸಗಳ ಬೆಸುಗೆಯು ಕರಗಲಾರಂಭಿಸುವುದು 183 ಡಿಗ್ರಿ ಸೆಂಟಿಗ್ರೇಡ್, ಎಂದರೆ 456 ಕೆಲ್ವಿನ್. ಕೋಣೆಯಲ್ಲಿ ಸುಮ್ಮನೆ ಕುಳಿತಿರುವಾಗಲೇ ಅದು ನೂರಕ್ಕೆ 66 ಪಾಲನ್ನು ಕ್ರಮಿಸಿಯಾಗಿದೆ! ಆದುದರಿಂದ ತಿರುಪಿನ ಒತ್ತಡಕ್ಕೆ ಬೆಸುಗೆಯು ತಿಂಗಳುಗಟ್ಟಲೆ ಸರಿಯುತ್ತ ಹೋಗಿ, ಯಾರೂ ಮುಟ್ಟದಿದ್ದರೂ ತಿರುಪು ಸಡಿಲವಾಗುತ್ತದೆ. ನಮ್ಮ ವಿದ್ಯಾರ್ಥಿಯ ಪ್ಲಗ್ಗಿನ ಎರಡನೆಯ ದೋಷವೇ ಮೂರನೆಯದನ್ನು ಹೆತ್ತಿರಬೇಕು.

ಅಲ್ಯೂಮಿನಿಯಂ ಕಲಿಸಿದ ಪಾಠ

ಈ ಸಂಗತಿಯನ್ನು ಒಂದು ದೇಶವೇ ಕಷ್ಟಪಟ್ಟು ಕಲಿಯಬೇಕಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1965ರಿಂದ 1973ರವರೆಗೆ, ತಾಮ್ರವು ದುಬಾರಿಯಾದುದರಿಂದ, ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ತಂತಿಗಳನ್ನು ಎಳೆದರು. ತಂತಿಯ ಮಧ್ಯಭಾಗದಲ್ಲಿ ತೊಂದರೆಯೇನೂ ಇರಲಿಲ್ಲ, ತೊಂದರೆಯೆಲ್ಲವೂ ತುದಿಗಳಲ್ಲಿ. ಅಲ್ಯೂಮಿನಿಯಂ ಗಾಳಿಗೆ ತೆರೆದೊಡನೆಯೇ ವಿದ್ಯುತ್ತನ್ನು ಬಿಡದ ಆಕ್ಸೈಡಿನ ಪೊರೆಯನ್ನು ಹೊದ್ದುಕೊಳ್ಳುತ್ತದೆ. ಅದು ತಾಮ್ರಕ್ಕಿಂತ ಮೆದು. ಒತ್ತಡಕ್ಕೆ ಬೇಗ ಹರಿಯುತ್ತದೆ. ಕಾದಾಗ ಹಿತ್ತಾಳೆಗಿಂತಲೂ ಉಕ್ಕಿಗಿಂತಲೂ ಹೆಚ್ಚು ಹಿಗ್ಗುತ್ತದೆ. ದೀಪ ಉರಿದಾಗ ತಿರುಪಿನ ಕೆಳಗೆ ಹಿಗ್ಗಿ ಹಿಂಡಿಕೊಂಡು, ಆರಿದಾಗ ಕುಗ್ಗಿ ಸಡಿಲವಾಗುತ್ತದೆ. ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 1972ಕ್ಕೆ ಮುಂಚಿನ ಅಂತಹ ಮನೆಗಳ ಸಾಕೆಟ್ಟಿನ ಜೋಡಣೆಗಳು ಬೆಂಕಿಯ ಅಪಾಯದ ಸ್ಥಿತಿಯನ್ನು ಮುಟ್ಟುವ ಸಂಭವವು ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು. ನಮ್ಮ ದೇಶದ ಹಳೆಯ ಮನೆಗಳಲ್ಲಿಯೂ ಅಲ್ಯೂಮಿನಿಯಂ ತಂತಿಗಳುಂಟು. ಅವುಗಳಿಗೆ ತಾಮ್ರವನ್ನು ನೇರವಾಗಿ ಹೊಸೆದು ಕೂಡಿಸಬಾರದು. ಅದಕ್ಕೆ ತಕ್ಕ ಜೋಡಕಗಳನ್ನೇ ಬಳಸಬೇಕು.

ಒಂದು ಪ್ರಯೋಗ

ಇದನ್ನೆಲ್ಲ ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ 2 ವೋಲ್ಟಿನ ಸಂಚಯಕ ಕೋಶ, ರಿಯೋಸ್ಟಾಟು, ಆಮ್ಮೀಟರು ಮತ್ತು 1.5 ಚದರ ಮಿಲಿಮೀಟರಿನ ಒಂದು ಮೀಟರು ಒಂಟೆಳೆ ತಾಮ್ರದ ತಂತಿಯನ್ನು ಸರಣಿಯಲ್ಲಿ ಜೋಡಿಸಿ 2 ಆಂಪೇರ್ ಪ್ರವಾಹವನ್ನು ಹಾಯಿಸಿರಿ. ತಂತಿಯ ಎರಡು ತುದಿಗಳ ನಡುವೆ ಮಿಲಿವೋಲ್ಟ್ ಮೀಟರು ಸುಮಾರು 23ನ್ನು ತೋರಿಸುತ್ತದೆ. ಈಗ ತಂತಿಯನ್ನು ನಡುವೆ ಕತ್ತರಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಅಡ್ಡವಾಗಿಡಿರಿ. ಪ್ರವಾಹವು ಇಳಿದಿದ್ದರೆ ರಿಯೋಸ್ಟಾಟಿನಿಂದ ಅದನ್ನು ಮತ್ತೆ 2 ಆಂಪೇರಿಗೆ ತಂದು ಮೀಟರನ್ನು ಓದಿರಿ. ಮರದ ಕಡ್ಡಿಯಿಂದ ಸಂಧಿಯನ್ನು ಒತ್ತುತ್ತ ಹೋದಂತೆ ಅಂಕಿಯು ಇಳಿಯುವುದನ್ನು ಕಾಣುವಿರಿ. ತುದಿಗಳನ್ನು ಬೆಂಕಿಯಲ್ಲಿ ಕಾಯಿಸಿ ಕಪ್ಪಾಗಿಸಿದರೆ ಅದು ಮೇಲಕ್ಕೇರುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಕೆಳಗಿಳಿಯುತ್ತದೆ. ಕೊನೆಗೆ ತಿರುಪಿನ ಜೋಡಕದಲ್ಲಿ ಬಿಗಿಮಾಡಿದರೆ, ಕತ್ತರಿಸದ ತಂತಿಗೂ ಕತ್ತರಿಸಿ ಕೂಡಿಸಿದ ತಂತಿಗೂ ಹೆಚ್ಚು ಭೇದವೇ ತೋರದು. ಒತ್ತಡ ಮತ್ತು ಶುಚಿ, ಈ ಎರಡೇ ಗುಟ್ಟುಗಳೆಂಬುದು ಆಗ ಕಣ್ಣಿಗೇ ಕಾಣುತ್ತದೆ.

ನಮ್ಮ ವಿದ್ಯಾರ್ಥಿಯ ಬೆರಳುಗಳು ವಾರದೊಳಗೆ ವಾಸಿಯಾದವು. ಆ ಸುಟ್ಟ ಪ್ಲಗ್ಗನ್ನು ನಾವು ಎಸೆಯಲಿಲ್ಲ. ಜೂಲನ ನಿಯಮವನ್ನು ಪಾಠ ಹೇಳುವ ದಿನ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇವೆ. ಈ ಲೇಖನವನ್ನು ಓದಿದವರು ಇಂದು ಸಂಜೆ ಒಂದು ಸಣ್ಣ ಕೆಲಸವನ್ನು ಮಾಡಬಹುದು. ಇಸ್ತ್ರಿಪೆಟ್ಟಿಗೆಯನ್ನೋ ನೀರು ಕಾಯಿಸುವ ಸರಳನ್ನೋ ಬಳಸಿದ ಬಳಿಕ, ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಹೊರಗೆಳೆದು, ಅದರ ಹೊದಿಕೆಯ ಮೇಲೆ ಬೆರಳನ್ನು ಮೆಲ್ಲಗೆ ತಾಗಿಸಿ ನೋಡಲಿ. ಅದು ಉಗುರುಬೆಚ್ಚಗಿಗಿಂತ ಹೆಚ್ಚು ಬಿಸಿಯಾಗಿದ್ದರೆ, ಅಥವಾ ಎಲ್ಲಿಯಾದರೂ ಕಂದುಬಣ್ಣವು ಕಂಡರೆ, ಆ ಪ್ಲಗ್ಗನ್ನಾಗಲಿ ಸಾಕೆಟ್ಟನ್ನಾಗಲಿ ಸರಿಪಡಿಸುವವರೆಗೆ ಮತ್ತೆ ಬಳಸದಿರಲಿ. ಫ್ಯೂಸು ಹೇಳಲಾರದ ಸುದ್ದಿಯನ್ನು ಆ ಬೆರಳು ಹೇಳುತ್ತದೆ.